ಸುಣ್ಣದ ಗೆರೆಯ ಆಚೆ ನಿಂತವರು

ಗೋವಿನಜೋಳ ಎದೆಮಟ್ಟ ಬೆಳೆದು, ಮಳೆ ಒಂದೆರಡು ದಿನ ಬಿಡುವು ಕೊಟ್ಟಿತೆಂದರೆ ಹಿರೇಕೆರೂರು ಸೀಮೆಯ ಹೈಸ್ಕೂಲುಗಳಿಗೆ ಆಟದ ಹಂಗಾಮು. ಇಲಾಖೆಯ ಕ್ರೀಡಾಕೂಟಗಳು ವಲಯ ಮಟ್ಟದಲ್ಲಿ ಶುರುವಾಗಿ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ರಾಜ್ಯ ಮಟ್ಟ ಮುಟ್ಟುತ್ತವೆ. ಅಬಲೂರು, ಚಿಕ್ಕೇರೂರು, ಹಂಸಭಾವಿ, ಮಾಸೂರು, ಕೋಡ ಕಡೆಯ ಮಕ್ಕಳು ಟಂಟಂ, ಬಸ್ಸು ಹಿಡಿದು ಬಂದಿಳಿಯುತ್ತಾರೆ. ಆಡುವವರಿಗಿಂತ ನೋಡಲು ಬಂದವರೇ ಹೆಚ್ಚು. ಆಡುವವರಿಗೆ ನಮ್ಮಲ್ಲಿ ನಿಯಮಗಳಿಗೆ ಕೊರತೆಯಿಲ್ಲ. ವಯಸ್ಸಿನ ದಾಖಲೆ ಬೇಕು, ಜರ್ಸಿಗೆ ನಂಬರು ಬೇಕು, ಅಂಕಣದ ಅಳತೆ ಸರಿಯಿರಬೇಕು. ಗೆರೆಯ ಆಚೆ ನಿಂತ ವಿದ್ಯಾರ್ಥಿ ಏನು ಕೂಗಬಹುದು, ಏನು ತೊಟ್ಟು ಬರಬಹುದು ಎಂದು ಕೇಳಿದರೆ ಮಾತ್ರ ಯಾರ ಹತ್ತಿರವೂ ಉತ್ತರವಿಲ್ಲ. ಈ ಲೇಖನ ಆ ವಿದ್ಯಾರ್ಥಿಯ ಕುರಿತು. ಅವನೂ ಶಾಲೆಯ ಹುಡುಗನೇ, ಶಾಲೆಯ ಹೆಸರಿನಲ್ಲೇ ಮೈದಾನಕ್ಕೆ ಬಂದವನು. ಅವನನ್ನು ಬೀದಿಯ ಗುಂಪು ಎಂದು ಬಗೆದು ಕೈಬಿಟ್ಟಿದ್ದೇ ನಮ್ಮ ದೊಡ್ಡ ತಪ್ಪು ಎಂಬುದು ನನ್ನ ವಾದ.

ಹುಡುಗಿಯರ ಕಬಡ್ಡಿಯನ್ನೇ ನೋಡಿ. ರೇಡ್‌ಗೆ ಹೋದವಳಿಗೆ ಸಿಗುವುದು 30 ಸೆಕೆಂಡು. ಎದುರಾಳಿ ಅಂಕಣಕ್ಕೆ ಕಾಲಿಡುವ ಮೊದಲೇ 'ಕಬಡ್ಡಿ ಕಬಡ್ಡಿ' ಶುರುವಾಗಬೇಕು, ನಡುವೆ ತುಂಡಾಗಬಾರದು, ಅಂಪೈರಿನ ಕಿವಿಗೆ ಸ್ಪಷ್ಟವಾಗಿ ಬೀಳಬೇಕು. ಹಳ್ಳಿಯ ಮೈದಾನದಲ್ಲಿ ಗ್ಯಾಲರಿ ಎಲ್ಲಿಂದ ಬರಬೇಕು? ನೋಡುವವರು ಸುಣ್ಣದ ಗೆರೆಗೆ ಪಾದ ತಾಗಿಸಿಕೊಂಡೇ ನಿಂತಿರುತ್ತಾರೆ. ಆಕೆ ಬೋನಸ್ ಗೆರೆಯತ್ತ ಕಾಲು ಚಾಚಿದರೆ ಒಂದು ಸಿಳ್ಳೆ, ಬಾಗಿದರೆ ಇನ್ನೊಂದು. ಹಿಡಿತಕ್ಕೆ ಸಿಕ್ಕಿ ಬಿದ್ದಾಗ ಬರುವ ಮಾತುಗಳನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಗದ್ದಲದಲ್ಲಿ ಅವಳ ಉಸಿರಿನ ಮಾತು ಅಂಪೈರಿಗೆ ಕೇಳಿಸುವುದಿಲ್ಲ. ಕೂಗಿದವನು ಒಬ್ಬ, ಅಂಕ ಕಳೆದುಕೊಳ್ಳುವವಳು ಇನ್ನೊಬ್ಬಳು. ರೇಡ್ ಮುಗಿಸಿ ಬಂದವಳು ಮೊದಲು ಮಾಡುವ ಕೆಲಸ ಉಸಿರು ಸುಧಾರಿಸಿಕೊಳ್ಳುವುದಲ್ಲ. ಚಡ್ಡಿಯನ್ನು ಮೊಣಕಾಲಿನ ಕಡೆಗೆ ಎಳೆದುಕೊಳ್ಳುವುದು. ನಮ್ಮ ಕೂಟಗಳನ್ನು ನೋಡಿದವರಿಗೆಲ್ಲ ಈ ದೃಶ್ಯ ಗೊತ್ತು.

ಕೂಗೆಲ್ಲ ಕೆಟ್ಟದ್ದು ಎನ್ನುವವನು ನಾನಲ್ಲ. ಕೂಗಿಲ್ಲದ ಕಬಡ್ಡಿ ನೋಡಲು ಯಾರು ಬರುತ್ತಾರೆ? ತನ್ನ ಶಾಲೆಯ ಹೆಸರು ಹಿಡಿದು ಗಂಟಲು ಹರಿಯುವ ತನಕ ಕೂಗುವುದು, ಡಬ್ಬ ಬಡಿಯುವುದು, ಗೆದ್ದಾಗ ಕ್ಯಾಪ್ಟನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದು ಇವೆಲ್ಲ ಆಟಕ್ಕೆ ಸಲ್ಲುವ ಉಪಚಾರ. ಎದುರಾಳಿ ರೇಡರ್ ಔಟಾದಾಗ 'ಹೋ' ಎಂದರೂ ತಪ್ಪೇನಿಲ್ಲ, ಅದು ಆಟದ ಮೇಲಿನ ಮಾತು. ಆ ರೇಡರಿನ ಮೈಬಣ್ಣ, ಕೇರಿ, ಅಪ್ಪನ ಕೆಲಸ, ಜಾತಿ, ಹುಡುಗಿಯಾದರೆ ಅವಳ ದೇಹ ಬಾಯಿಗೆ ಬಂತೆಂದರೆ ಅದು ಆಟವನ್ನು ಬಿಟ್ಟು ಮನುಷ್ಯರ ಮೇಲೆ ಬಿದ್ದ ಮಾತು. ಈ ವ್ಯತ್ಯಾಸ ಹದಿನಾಲ್ಕು ವರ್ಷದ ಹುಡುಗನಿಗೆ ತಿಳಿಯದಂಥದ್ದಲ್ಲ. ಯಾರೂ ಕೂರಿಸಿಕೊಂಡು ಹೇಳಿಲ್ಲ, ಅಷ್ಟೆ.

ಬಟ್ಟೆಯ ಮಾತು ಬಂದಾಗ ನಮ್ಮ ಊರುಗಳಲ್ಲಿ ಚರ್ಚೆ ನೇರವಾಗಿ ಹೋಗಿ ನಿಲ್ಲುವುದು ಹುಡುಗಿಯರ ಚಡ್ಡಿಯ ಬಳಿ. 'ಅಷ್ಟು ಗಿಡ್ಡ ಯಾಕ್ ಹಾಕ್ಸತೀರಿ ಸರ, ಟ್ರ್ಯಾಕ್ ಪ್ಯಾಂಟ್ ಹಾಕಸ್ರಿ' ಎನ್ನುವ ತಾಯ್ತಂದೆಯರು ಇದ್ದಾರೆ. ಅವರ ಆತಂಕ ಸುಳ್ಳಲ್ಲ. ಸಿಳ್ಳೆ ಅವರ ಕಿವಿಗೂ ಬಿದ್ದಿರುತ್ತದೆ. ಆದರೆ ಸಿಳ್ಳೆ ಹಾಕುವವನನ್ನು ಬಿಟ್ಟು ಚಡ್ಡಿಯನ್ನು ವಿಚಾರಣೆಗೆ ಎಳೆಯುವುದು ನ್ಯಾಯವಲ್ಲ. ಇದು ನಮ್ಮ ಹಳ್ಳಿಯ ಕಥೆ ಮಾತ್ರವೂ ಅಲ್ಲ. 2005ರಲ್ಲಿ ಸಾನಿಯಾ ಮಿರ್ಜಾ ತೊಟ್ಟ ಟೆನಿಸ್ ಉಡುಪಿನ ವಿರುದ್ಧ ಒಬ್ಬ ಮೌಲ್ವಿ ಫತ್ವಾ ಹೊರಡಿಸಿದಾಗ ಇಡೀ ದೇಶ ವಾರಗಟ್ಟಲೆ ಅದನ್ನೇ ಮಾತಾಡಿತು. ಅವಳ ಫೋರ್‌ಹ್ಯಾಂಡ್ ಹಿಂದೆ ಸರಿಯಿತು. 2021ರ ಜುಲೈನಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿಯ ಬದಲು ಚಡ್ಡಿ ತೊಟ್ಟಿದ್ದಕ್ಕೆ ತಂಡಕ್ಕೆ 1500 ಯೂರೋ ದಂಡ ಬಿತ್ತು. ಒಂದು ಕಡೆ ಬಟ್ಟೆ ಗಿಡ್ಡವಾಯಿತೆಂದು, ಇನ್ನೊಂದು ಕಡೆ ಉದ್ದವಾಯಿತೆಂದು! ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್ ಒಕ್ಕೂಟ ಅದೇ ವರ್ಷ ನಿಯಮ ತಿದ್ದಿತು. ಫುಟ್‌ಬಾಲಿನಲ್ಲಿ ತಲೆವಸ್ತ್ರಕ್ಕೆ 2014ರಲ್ಲಿ, ಬಾಸ್ಕೆಟ್‌ಬಾಲಿನಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ದಾರಿ ಸ್ಪಷ್ಟವಿದೆ: ಆಟಕ್ಕೂ ಮೈಗೂ ಅಪಾಯವಿಲ್ಲದ ಉಡುಪು ಯಾವುದೋ, ಅದರಲ್ಲಿ ತನಗೆ ಸಲೀಸಾದದ್ದನ್ನು ಆಡುವವಳೇ ಆರಿಸಿಕೊಳ್ಳಲಿ. ಚಡ್ಡಿಯ ಕೆಳಗೆ ಲೆಗ್ಗಿಂಗ್ಸ್ ಬೇಕೆಂದರೆ ಇರಲಿ, ಬೇಡವೆಂದರೆ ಬೇಡ. ಕಾರ್ಕಳ ಕಡೆಯಿಂದ ಬಂದು 2012ರ ಪಟ್ನಾ ವಿಶ್ವಕಪ್ಪಿನಲ್ಲಿ ಭಾರತ ತಂಡವನ್ನು ಮುನ್ನಡೆಸಿ ಗೆಲ್ಲಿಸಿದ ಮಮತಾ ಪೂಜಾರಿ ಇರಲಿ, 2025ರ ಜನವರಿಯಲ್ಲಿ ದೆಹಲಿಯ ಮೊದಲ ಕೊಕ್ಕೊ ವಿಶ್ವಕಪ್ ಗೆದ್ದ ತಂಡದಲ್ಲಿದ್ದ ಮೈಸೂರು ಜಿಲ್ಲೆ ಕುರುಬೂರಿನ ಚೈತ್ರಾ ಇರಲಿ, ಅವರೂ ಇಂಥದೇ ಹಳ್ಳಿ ಸೀಮೆಯಿಂದ ಎದ್ದು ಬಂದವರು. ಸಿಳ್ಳೆಗೆ ಹೆದರಿ ಎಂಟನೇ ಇಯತ್ತೆಗೇ ಆಟ ಬಿಟ್ಟವರ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಈಗ ಆ ಕಡೆಯ ಬಟ್ಟೆಗೆ ಬರೋಣ. ನೋಡಲು ಬರುವ ಹುಡುಗರು ಯೂನಿಫಾರ್ಮ್ ಬಿಟ್ಟು 'ಕಲರ್ ಡ್ರೆಸ್' ಹಾಕಿಕೊಂಡು ಬರುವುದೇ ಹೆಚ್ಚು. ಸಂತೆಯಲ್ಲಿ ರಾಶಿ ಹಾಕಿ ಮಾರುವ ಅಗ್ಗದ ಟೀ ಶರ್ಟುಗಳ ಎದೆಯ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಅಚ್ಚಾಗಿರುತ್ತದೆ. ಹೆಣ್ಣನ್ನು ಕುರಿತ ಹೊಲಸು ಮಾತು, ಗಾಂಜಾ ಎಲೆಯ ಚಿತ್ರ, ನಡುಬೆರಳು. ತೊಟ್ಟ ಹುಡುಗನಿಗೆ ಅದರ ಅರ್ಥ ಎಷ್ಟೋ ಸಲ ಗೊತ್ತಿರುವುದಿಲ್ಲ; ಕೊಡಿಸಿದ ಅವ್ವನಿಗಂತೂ ಗೊತ್ತೇ ಇಲ್ಲ. ಅಂಗಿ ಹರಿದಿಲ್ಲ, ಬಣ್ಣ ಚೆನ್ನಾಗಿದೆ, ರೇಟು ಹೊಂದಿತು, ಕೊಂಡರು. ಈ ಹುಡುಗನನ್ನು ಗೇಟಿನಲ್ಲೇ ತಡೆದು ನಾಲ್ಕು ಮಂದಿಯ ಮುಂದೆ ಬೈಯುವುದು ಶುದ್ಧ ದಡ್ಡತನ. ಇಂಗ್ಲಿಷ್ ಶಿಕ್ಷಕರು ಒಂದು ಪಿರಿಯಡ್ ಮೀಸಲಿಟ್ಟು 'ನಿಮ್ಮ ಅಂಗಿಯ ಮೇಲೆ ಏನು ಬರೆದಿದೆ, ಮನೆಯಿಂದ ಬರೆದುಕೊಂಡು ಬನ್ನಿ' ಎಂದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ನಿಘಂಟು ಬಿಚ್ಚಲು ಇದಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಅರ್ಥ ಗೊತ್ತಿದ್ದೇ ತೊಡುವ ಅಂಗಿಗಳದ್ದು ಬೇರೆ ಸಮಸ್ಯೆ. 2024ರ ಜೂನ್‌ನಲ್ಲಿ ಚಿತ್ರದುರ್ಗದ ರೇಣುಕಸ್ವಾಮಿ ಕೊಲೆ ಪ್ರಕರಣದಲ್ಲಿ ಆರೋಪಿಯಾಗಿ ನಟ ದರ್ಶನ್ ಬಂಧನವಾಯಿತು. ಜೈಲಿನಲ್ಲಿ ಅವರಿಗೆ ಕೊಟ್ಟ ವಿಚಾರಣಾಧೀನ ಕೈದಿಯ ಸಂಖ್ಯೆ 6106. ಕೆಲವೇ ದಿನಗಳಲ್ಲಿ ಆ ಸಂಖ್ಯೆ ಅಭಿಮಾನಿಗಳ ಗಾಡಿಗಳ ಮೇಲೆ, ಮೈಮೇಲಿನ ಹಚ್ಚೆಯಲ್ಲಿ ಕಾಣಿಸಿತು. ಹಸುಗೂಸಿಗೆ ಕೈದಿಯ ಉಡುಪು ತೊಡಿಸಿ ಆ ನಂಬರಿನೊಂದಿಗೆ ಫೋಟೊ ತೆಗೆಸಿದವರೂ ಇದ್ದರು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯದ ಕೆಲಸ. ಆದರೆ ಸತ್ತವನ ಮನೆಯಲ್ಲಿ ಗರ್ಭಿಣಿ ಹೆಂಡತಿ ಇದ್ದ ಹೊತ್ತಿನಲ್ಲಿ ಆ ಸಂಖ್ಯೆಯನ್ನು ಪದಕದಂತೆ ಮೆರೆಸಿದ ಅಭಿಮಾನವನ್ನು ನಾನು ಅಭಿಮಾನ ಎಂದು ಕರೆಯಲಾರೆ. ಅಂಗಿಯ ಮೇಲೆ ಕೆಟ್ಟ ಮಾತೇ ಇರಬೇಕೆಂದಿಲ್ಲ, ನಾಲ್ಕು ಅಂಕೆ ಸಾಕು ಇನ್ನೊಬ್ಬರ ಗಾಯಕ್ಕೆ ಉಪ್ಪು ಸವರಲು. ಮಕ್ಕಳು ನೋಡಿ ಕಲಿಯುವುದು ಇಂಥವರನ್ನು.

ನಮ್ಮ ಹಾವೇರಿ ಜಿಲ್ಲೆಯ ಹುಡುಗರಿಗೆ ಅಭಿಮಾನದ ಮೊದಲ ಪಾಠವಾಗುವುದು ಹೋರಿ ಹಬ್ಬದಲ್ಲಿ. ದೀಪಾವಳಿಯಿಂದಾಚೆ ಹಾನಗಲ್ಲು, ಹಿರೇಕೆರೂರು, ಶಿಕಾರಿಪುರ ಸೀಮೆಯಲ್ಲಿ ಕೊಬ್ಬರಿ ಹೋರಿಗಳು ಅಖಾಡಕ್ಕೆ ಇಳಿಯುತ್ತವೆ. ಕೊರಳಲ್ಲಿ ಕೊಬ್ಬರಿ ಸರ, ಕೊಂಬಿಗೆ ಬಲೂನು, ಜೂಲ. ಹೋರಿಗೊಂದು ಭಾರೀ ಹೆಸರು. ಹೋರಿಯ ಹೆಸರು ಅಚ್ಚು ಹಾಕಿಸಿದ ಟೀ ಶರ್ಟು ತೊಟ್ಟು, ಬಾವುಟ ಹಿಡಿದು ಊರಿಗೂರೇ ಹಿಂದೆ ಓಡುತ್ತದೆ. ಈ ಹಬ್ಬದಲ್ಲಿ ಪ್ರಾಣ ಹೋದದ್ದೂ ಉಂಟು, ಅದರ ಚರ್ಚೆ ಬೇರೆಯೇ ಆಗಬೇಕು. ನಾನು ಇಲ್ಲಿ ಹೇಳುವುದು ಅಲ್ಲಿ ಕಂಡ ಒಂದು ಒಳ್ಳೆಯ ಸಂಗತಿ. ಆ ಟೀ ಶರ್ಟಿನ ಮೇಲೆ ಇರುವುದು ತಮ್ಮ ಹೋರಿಯ ಹೆಸರು, ತಮ್ಮ ಊರಿನ ಹೆಸರು. ಪಕ್ಕದ ಊರಿನ ಹೋರಿಯನ್ನು ಬೈದು ಯಾರೂ ಅಂಗಿ ಹೊಲಿಸುವುದಿಲ್ಲ. ಒಳ್ಳೆಯ ಹೋರಿ ಯಾವ ಊರಿನದಾದರೂ ಅದರ ಓಟಕ್ಕೆ ಎಲ್ಲರೂ ಕೇಕೆ ಹಾಕುತ್ತಾರೆ. ಐಪಿಎಲ್ಲಿನಲ್ಲಿ ಆರ್‌ಸಿಬಿ ಅಭಿಮಾನಿಗಳ 'ಈ ಸಲ ಕಪ್ ನಮ್ದೇ' ಘೋಷಣೆಯಲ್ಲೂ ಇದೇ ಗುಣವಿತ್ತು. ಸೋಲಿನ ಮೇಲೆ ಸೋಲು ಬಂದರೂ ವರ್ಷಾನುಗಟ್ಟಲೆ ತಮ್ಮ ತಂಡವನ್ನೇ ನೆನೆದ ಮಾತು ಅದು, ಯಾರನ್ನೂ ಹಂಗಿಸುವಂಥದ್ದಲ್ಲ. 2025ರ ಜೂನ್ 3ರಂದು ಕಪ್ ಬಂತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು, ಅವರಲ್ಲಿ ಎಳೆಯರೇ ಹೆಚ್ಚು. ಆ ಸಾವುಗಳಿಗೆ ಅಭಿಮಾನಿಗಳ ದುರ್ನಡತೆ ಕಾರಣವಲ್ಲ, ಅಭಿಮಾನಿಗಳನ್ನು ಎಲ್ಲಿ ನಿಲ್ಲಿಸಬೇಕು, ಹೇಗೆ ಒಳಬಿಡಬೇಕು ಎಂದು ಯಾರೂ ಸರಿಯಾಗಿ ಯೋಚಿಸದೇ ಇದ್ದದ್ದು ಕಾರಣ. ನಮ್ಮ ವಲಯ ಕೂಟದ ಮೈದಾನದಲ್ಲೂ ಆಗುತ್ತಿರುವುದು ಸಣ್ಣ ಪ್ರಮಾಣದಲ್ಲಿ ಅದೇ ಅಲಕ್ಷ್ಯ.

ಶಾಲೆ ಮತ್ತು ಬಟ್ಟೆ ಎಂದಾಕ್ಷಣ ಕರ್ನಾಟಕಕ್ಕೆ ನೆನಪಾಗುವುದು 2022. ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ ಕೆಲವೇ ವಾರಗಳಲ್ಲಿ ರಾಜ್ಯವೆಲ್ಲ ಹಬ್ಬಿತು. ಫೆಬ್ರುವರಿ 5ರಂದು ಸರ್ಕಾರದ ಆದೇಶ ಬಂತು, 8ರಂದು ಮಂಡ್ಯದ ಕಾಲೇಜೊಂದರಲ್ಲಿ ಕೇಸರಿ ಶಾಲಿನ ಹುಡುಗರ ಗುಂಪು ಒಬ್ಬಳೇ ವಿದ್ಯಾರ್ಥಿನಿಯ ಸುತ್ತ ಘೋಷಣೆ ಕೂಗಿತು, ಸರ್ಕಾರ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟಿತು. ಮಾರ್ಚ್ 15ರಂದು ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದರ ಕಾನೂನು ಇತ್ಯರ್ಥಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆಟದ ಮೈದಾನಕ್ಕೆ ಬೇಕಾದ ಒಂದು ಪಾಠ ಮಾತ್ರ ಅದರಲ್ಲಿದೆ. ತನಗಾಗಿ, ತನ್ನ ನಂಬಿಕೆಗಾಗಿ ಒಬ್ಬಳು ತೊಡುವ ಬಟ್ಟೆ ಒಂದು. ಇನ್ನೊಬ್ಬರನ್ನು ಎದುರಿಸಲೆಂದೇ ಗುಂಪುಗೂಡಿ ರಾತ್ರೋರಾತ್ರಿ ಹಂಚಿಕೊಂಡು ತೊಡುವ ಬಟ್ಟೆ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕ್ರೀಡಾಕೂಟದ ದಿನ ಎದುರು ಶಾಲೆಯಲ್ಲಿ ಯಾವ ಸಮುದಾಯದ ಮಕ್ಕಳು ಹೆಚ್ಚಿದ್ದಾರೆ ಎಂದು ನೋಡಿ ಶಾಲಿನ ಬಣ್ಣ, ಹಣೆಪಟ್ಟಿ, ಘೋಷಣೆ ಆರಿಸಿಕೊಂಡು ಬರುವ ಗುಂಪನ್ನು, ಅದು ಯಾವ ಬಣ್ಣದ್ದೇ ಆಗಿರಲಿ, ಒಳಗೆ ಬಿಡಕೂಡದು.

ಜಾತಿಯ ಮಾತನ್ನು ಮುಚ್ಚಿಟ್ಟರೆ ಈ ಲೇಖನ ಪೂರ್ಣವಾಗದು. 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಭಾರತದ ಮಹಿಳಾ ಹಾಕಿ ತಂಡ ಸೋತಾಗ, ಹರಿದ್ವಾರದ ಬಳಿ ತಂಡದ ಆಟಗಾರ್ತಿ ವಂದನಾ ಕಟಾರಿಯಾ ಮನೆಯೆದುರು ಪಟಾಕಿ ಹಚ್ಚಿ ಜಾತಿ ಹಿಡಿದು ಬೈದರು. ಅದೇ ವರ್ಷ ಜನವರಿಯಲ್ಲಿ ಸಿಡ್ನಿಯಲ್ಲಿ ಪ್ರೇಕ್ಷಕರ ಜನಾಂಗೀಯ ನಿಂದನೆಯ ಬಗ್ಗೆ ಕ್ರಿಕೆಟಿಗ ಮೊಹಮ್ಮದ್ ಸಿರಾಜ್ ದೂರು ಕೊಟ್ಟಾಗ ಆಟ ನಿಂತು, ಆರು ಪ್ರೇಕ್ಷಕರನ್ನು ಹೊರಗೆ ಕಳಿಸಲಾಯಿತು. ನಮ್ಮ ಜನ ಸಿಡ್ನಿಯ ಬಗ್ಗೆ ಸಿಟ್ಟಾದರು. ಸರಿಯೇ. ಆದರೆ 2007ರಲ್ಲಿ ವಡೋದರ ಮತ್ತು ಮುಂಬೈಯಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಆ್ಯಂಡ್ರ್ಯೂ ಸೈಮಂಡ್ಸ್‌ಗೆ ಮಂಗನ ಕೂಗು ಹಾಕಿದವರೂ ನಾವೇ.

ಅಬಲೂರಿನಲ್ಲಿ ನಿಂತು ಇದನ್ನು ಯೋಚಿಸುವಾಗ ನನಗೆ ಹೆಚ್ಚು ನೋವಾಗುತ್ತದೆ. ಇದು ಸರ್ವಜ್ಞ ಹುಟ್ಟಿದ ಊರೆಂದು ನಂಬಿದ ನೆಲ. ಫೆಬ್ರುವರಿಯ ಜಯಂತಿಯಲ್ಲಿ ಇಲ್ಲಿನ ಮಕ್ಕಳು ವೇದಿಕೆ ಹತ್ತಿ ಜಾತಿಯ ಪೊಳ್ಳನ್ನು ಹೇಳುವ ತ್ರಿಪದಿಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ. ಆಗಸ್ಟ್‌ನಲ್ಲಿ ಮೈದಾನದಲ್ಲಿ ಎದುರಾಳಿಯ ಕೇರಿಯ ಹೆಸರು ಕೂಗುವುದೂ ಅದೇ ವಯಸ್ಸಿನ ಬಾಯಿಗಳೇ. ಇಲ್ಲಿನ ಸೋಮೇಶ್ವರ ಗುಡಿಯ ಶಾಸನ ಇನ್ನೂ ಹಳೆಯ ಪಂದ್ಯವೊಂದರ ಕಥೆ ಹೇಳುತ್ತದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ತಲೆಯ ಪಣ ಕಟ್ಟಿ ಗೆದ್ದದ್ದು, ಸೋತವರು ಷರತ್ತಿಗೆ ಒಪ್ಪದೇ ಹೋದದ್ದು, ಗೆದ್ದವನು ಅವರ ಜಿನಬಿಂಬ ಒಡೆದದ್ದು, ಕೊನೆಗೆ ದೊರೆ ಬಿಜ್ಜಳ ಜಯಪತ್ರ ಕೊಟ್ಟದ್ದು. ಶಾಸನದ ಪವಾಡವನ್ನು ಇತಿಹಾಸವೆಂದು ಓದಬೇಕಿಲ್ಲ. ಎಂಟು ನೂರು ವರ್ಷಗಳ ಹಿಂದೆಯೂ ಪಂದ್ಯ ಇಬ್ಬರ ನಡುವೆ ಮುಗಿಯಲಿಲ್ಲ, ಎರಡೂ ಕಡೆಯ ಹಿಂಬಾಲಕರ ಮಾನದ ಪ್ರಶ್ನೆಯಾಯಿತು ಎಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಅಲ್ಲಿಗೇ ಕರೆದೊಯ್ದು ತೋರಿಸಬಹುದು.

ಕಾನೂನು ಏನನ್ನುತ್ತದೆ? ಸಾಕಷ್ಟು ಹೇಳುತ್ತದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣೆದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಲೈಂಗಿಕ ಉದ್ದೇಶದಿಂದ ಹುಡುಗಿಗೆ ಮಾತು, ಸನ್ನೆ ಎಸೆದರೆ 2012ರ ಪೋಕ್ಸೊ ಇದೆ. 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಮೂ ಇದೆ. ಆದರೆ ಒಂಬತ್ತನೇ ಇಯತ್ತೆಯ ಹುಡುಗನ ಮೇಲೆ ಕೇಸು ಹಾಕಿಸುವುದು ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ. ಇನ್ನೊಂದು ತುದಿಯಲ್ಲಿ, ಅಲ್ಲೇ ಹಿಡಿದು ನಾಲ್ಕು ಬಾರಿಸುವ ಹಳೆಯ ಪಿ.ಟಿ. ಮಾಸ್ತರರ ಪದ್ಧತಿಗೂ ಈಗ ಅವಕಾಶವಿಲ್ಲ, ಇರಲೂಬಾರದು. ಹೊಡೆತ ತಿಂದ ಹುಡುಗ ಕಲಿಯುವುದು ಮಾಸ್ತರರ ಕಣ್ಣು ತಪ್ಪಿಸಿ ಕೂಗುವುದನ್ನು. ಕಬಡ್ಡಿಯ ನಿಯಮದಲ್ಲಿ ಆಟಗಾರನಿಗೆ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಮೊದಲು ಎಚ್ಚರಿಕೆ, ಆಮೇಲೆ ಎರಡು ನಿಮಿಷ ಹೊರಗೆ, ಕೊನೆಗೆ ಪಂದ್ಯದಿಂದಲೇ ಹೊರಗೆ. ಎಷ್ಟು ಸರಳ! ಇದನ್ನು ಗೆರೆಯಾಚೆಗೂ ಹಿಗ್ಗಿಸಲು ಏನು ಅಡ್ಡಿ?

ಹೊರಗಿನವರು ಇದನ್ನು ಹೇಗೆ ನಿಭಾಯಿಸಿದ್ದಾರೆ ಎಂಬುದನ್ನೂ ನೋಡಬೇಕು. ಅಮೆರಿಕದಲ್ಲಿ ಹೈಸ್ಕೂಲು ಪಂದ್ಯವೆಂದರೆ ಊರಿನ ಜಾತ್ರೆ. ವಿದ್ಯಾರ್ಥಿಗಳಿಗೆಂದೇ ಗ್ಯಾಲರಿಯಲ್ಲಿ ಜಾಗ, ಒಂದೊಂದು ಪಂದ್ಯಕ್ಕೆ ಒಂದೊಂದು ಬಗೆಯ ವೇಷ. 2021ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಕೊರೊನಾಡೊ ಶಾಲೆಯ ಬಾಸ್ಕೆಟ್‌ಬಾಲ್ ತಂಡ ಗೆದ್ದ ಮೇಲೆ, ಲ್ಯಾಟಿನ್ ಮೂಲದ ಮಕ್ಕಳೇ ಹೆಚ್ಚಿದ್ದ ಎದುರಾಳಿ ತಂಡದತ್ತ ಟೊರ್ಟಿಯಾ ಎಸೆಯಲಾಯಿತು. ಟೊರ್ಟಿಯಾ ಅಂದರೆ ಅವರ ರೊಟ್ಟಿ. ಉಣ್ಣುವ ರೊಟ್ಟಿಯನ್ನೇ ಹಂಗಿಸುವ ಆಯುಧ ಮಾಡಿದರು. ಜೋಳದ ರೊಟ್ಟಿ ಉಣ್ಣುವ ನಮಗೆ ಆ ಅವಮಾನ ಯಾರೂ ಬಿಡಿಸಿ ಹೇಳದೆಯೂ ತಿಳಿಯುತ್ತದೆ. ರಾಜ್ಯದ ಕ್ರೀಡಾ ಮಂಡಳಿ ಗೆದ್ದ ಪ್ರಶಸ್ತಿಯನ್ನೇ ಕಿತ್ತುಕೊಂಡಿತು. ಇದಕ್ಕೆ ಪೂರಾ ಉಲ್ಟಾ, ವಿಸ್ಕಾನ್ಸಿನ್ ರಾಜ್ಯದ ಮಂಡಳಿ 2015ರ ಕೊನೆಗೆ ಶಾಲೆಗಳಿಗೆ ಪತ್ರ ಬರೆದು, ಎಸೆತ ಬುಟ್ಟಿಗೆ ತಾಗದೇ ಹೋದಾಗ 'ಏರ್‌ಬಾಲ್' ಎಂದು ಕೂಗುವುದನ್ನೂ ನಿಲ್ಲಿಸಿ ಎಂದಿತು. ದೇಶವೆಲ್ಲ ನಕ್ಕಿತು. ಎಲ್ಲವನ್ನೂ ನಿಷೇಧಿಸಹೊರಟರೆ ನಿಜವಾಗಿ ನಿಲ್ಲಿಸಬೇಕಾದದ್ದೂ ನಿಲ್ಲುವುದಿಲ್ಲ.

ಅಂಗಿಯ ವಿಚಾರಕ್ಕೂ ಸಲ್ಲುವಂಥ ಎರಡು ಗೆರೆಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ ಎಳೆದಿದೆ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಬಂದ ಮಕ್ಕಳನ್ನು ಶಾಲೆ ಹೊರಗಿಡುವಂತಿಲ್ಲ ಎಂದು 1969ರ ಟಿಂಕರ್ ತೀರ್ಪು ಹೇಳಿತು; ಅಶ್ಲೀಲ ಮಾತನ್ನು ಶಾಲೆ ತಡೆಯಬಹುದು ಎಂದು 1986ರ ಫ್ರೇಸರ್ ತೀರ್ಪು ಹೇಳಿತು. ಅಭಿಪ್ರಾಯಕ್ಕೆ ಜಾಗ ಉಂಟು, ಹೊಲಸಿಗೆ ಇಲ್ಲ. ನಮಗೂ ಇದು ಒಪ್ಪುವ ಮಾತು.

ನನಗೆ ತೀರ ಹಿಡಿಸಿದ್ದು ಜಪಾನಿನ ರೀತಿ. 1915ರಿಂದ ನಡೆದುಬಂದ ಅವರ ಹೈಸ್ಕೂಲು ಬೇಸ್‌ಬಾಲ್ ಕೂಟ ಕೊಶಿಯೆನ್ ಕ್ರೀಡಾಂಗಣದ ಹೆಸರಿನಿಂದಲೇ ಪ್ರಸಿದ್ಧ. ಪ್ರತಿ ಶಾಲೆಗೂ ಹುರಿದುಂಬಿಸುವ ತಂಡವಿದೆ, ವಾದ್ಯವಿದೆ, ಅದಕ್ಕೂ ತಿಂಗಳುಗಟ್ಟಲೆ ತಾಲೀಮು ಇದೆ. ತಮ್ಮ ತಂಡ ಬ್ಯಾಟಿಂಗ್ ಮಾಡುವಾಗ ವಾದ್ಯ ಮೊಳಗಿಸುತ್ತಾರೆ, ಎದುರು ತಂಡದ ಸರದಿ ಬಂದಾಗ ನಿಲ್ಲಿಸುತ್ತಾರೆ, ಆ ಕಡೆಯ ಗ್ಯಾಲರಿ ಶುರುವಾಗುತ್ತದೆ. ನಮ್ಮ ಕೊಕ್ಕೊ ಮತ್ತು ಕಬಡ್ಡಿ ಎರಡೂ ಸರದಿಯ ಆಟಗಳೇ. ತಮ್ಮ ಸರದಿಯಲ್ಲಿ ಮಾತ್ರ ಕೂಗುವ ರೂಢಿ ಬಂದರೆ ಹಂಗಿಸಲು ಸಮಯವೇ ಸಿಗುವುದಿಲ್ಲ. ಹಲಗೆ, ಡೊಳ್ಳು, ಝಾಂಜ್ ಬಾರಿಸಬಲ್ಲ ಹುಡುಗರು ನಮ್ಮ ಯಾವ ಊರಿನಲ್ಲಿಲ್ಲ? ಡೊಳ್ಳು ಬಾರಿಸುವವನಿಗೆ ಸಿಳ್ಳೆ ಹಾಕಲು ಬಾಯಿಗೆ ಬಿಡುವಿದ್ದರೂ ಮನಸ್ಸಿಗೆ ಬಿಡುವಿರುವುದಿಲ್ಲ.

ಇದನ್ನೆಲ್ಲ ಮಾಡುವವರು ಯಾರು ಎಂದು ಶಿಕ್ಷಕರು ಕೇಳುವುದರಲ್ಲಿ ಅರ್ಥವಿದೆ. ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಇದ್ದವರು ಕೂಟದ ದಿನ ಅಂಕಣಕ್ಕೆ ಸುಣ್ಣ ಹಾಕಿಸುವುದರಿಂದ ಹಿಡಿದು ಊಟದ ವ್ಯವಸ್ಥೆ, ಸರ್ಟಿಫಿಕೇಟ್ ಬರೆಯುವ ತನಕ ಒಬ್ಬರೇ ಓಡಾಡುತ್ತಾರೆ. ಅವರ ಮೇಲೆ ಇನ್ನೊಂದು ಹೊರೆ ಹೇರಬಾರದು. ಪ್ರತಿ ಶಾಲೆಯಿಂದ ಮಕ್ಕಳೊಂದಿಗೆ ಹೇಗೂ ಒಬ್ಬಿಬ್ಬರು ಬೇರೆ ವಿಷಯದ ಶಿಕ್ಷಕರು ಬಂದಿರುತ್ತಾರೆ. ಅವರು ಶಾಮಿಯಾನದ ಕುರ್ಚಿ ಬಿಟ್ಟು, ಅಂಕಣಕ್ಕೆ ಬೆನ್ನು ಹಾಕಿ, ತಮ್ಮ ಮಕ್ಕಳತ್ತ ಮುಖ ಮಾಡಿ ನಿಲ್ಲಲಿ. ಹುಡುಗಿಯರ ಪಂದ್ಯದಲ್ಲಿ ಗೆರೆಯಿಂದ ಐದಾರು ಹೆಜ್ಜೆ ಹಿಂದೆ ಹಗ್ಗ ಕಟ್ಟಲಿ. ಮುಂದಿನ ಸಾಲು ಹುಡುಗಿಯರಿಗೇ ಇರಲಿ. ಬಟ್ಟೆ ಬದಲಿಸಲು ಬೀಗವಿರುವ ಒಂದು ಕೋಣೆಯನ್ನು ಬೆಳಗ್ಗೆಯೇ ತೆರೆದಿಡಲಿ, ಅದಿಲ್ಲದ ಕಡೆ ಮಕ್ಕಳು ಜರ್ಸಿಯ ಮೇಲೆ ಚೂಡಿದಾರ ತೊಟ್ಟು ಮನೆಯಿಂದಲೇ ಬರಬೇಕಾಗುತ್ತದೆ. ಹೊಲಸು ಅಂಗಿ ತೊಟ್ಟು ಬಂದವನನ್ನು ಮನೆಗೆ ಓಡಿಸದೆ, ಒಳಗೆ ಕರೆದು, ಅಂಗಿ ತಿರುವು ಹಾಕಿಕೊಂಡು ಕೂರು ಎಂದರೆ ಸಾಕು.

ಅದನ್ನೂ ಮೀರಿ ಕೂಗಿದವನಿಗೆ ಆ ಪಂದ್ಯ ನೋಡುವ ಅವಕಾಶ ತಪ್ಪಲಿ, ಎರಡನೇ ಸಲವಾದರೆ ಅವನ ಶಾಲೆಯ ಹೆಡ್‌ಮಾಸ್ತರಿಗೆ ಚೀಟಿ ಹೋಗಲಿ, ಅವನು ತಾನು ಹಂಗಿಸಿದ ಹುಡುಗಿಯ ತಂಡದ ಕ್ಯಾಪ್ಟನ್ ಎದುರು ಬಂದು ತಪ್ಪಾಯಿತು ಎನ್ನಲಿ, ಆ ಹುಡುಗಿ ಒಪ್ಪಿದರೆ ಮಾತ್ರ. ಹುಡುಗರ ತಂಡದ ಕ್ಯಾಪ್ಟನ್ನುಗಳಿಗೆ ಇಲ್ಲಿ ಎಲ್ಲರಿಗಿಂತ ಹೆಚ್ಚಿನ ಶಕ್ತಿಯಿದೆ. ಮಾಸ್ತರರು ಹತ್ತು ಸಲ ಹೇಳಿದ್ದನ್ನು ಕೇಳದ ಹುಡುಗ, ತನ್ನ ಶಾಲೆಯ ಒಳ್ಳೆಯ ರೇಡರ್ ತಿರುಗಿ ನೋಡಿ 'ಏ ತಮ್ಮಾ, ಸುಮ್ನಿರೋ' ಎಂದರೆ ಬಾಯಿ ಮುಚ್ಚುತ್ತಾನೆ. ಹಾಗಾಗಿ ವಲಯ ಮಟ್ಟದ ಕೂಟಕ್ಕೆ ಮುಂಚೆ ಶಿಕ್ಷಕರು ನಡೆಸುವ ಪೂರ್ವಭಾವಿ ಸಭೆಗೆ ಎಲ್ಲ ಶಾಲೆಗಳ ಕ್ಯಾಪ್ಟನ್ನುಗಳನ್ನೂ ಕರೆದು ಕೂರಿಸಬೇಕು. ಏನು ಕೂಗಬಹುದು, ಏನು ಕೂಗಬಾರದು ಎಂಬ ಪಟ್ಟಿಯನ್ನು ಆ ಹುಡುಗ ಹುಡುಗಿಯರೇ ಬರೆದು, ಡ್ರಾ ಹಾಳೆಯ ಪಕ್ಕದಲ್ಲೇ ಅಂಟಿಸಲಿ. ಬರುವ ಆಗಸ್ಟ್‌ಗೆ ಹಿರೇಕೆರೂರು ತಾಲ್ಲೂಕಿನ ಯಾವುದಾದರೂ ಒಂದು ವಲಯ ಇದನ್ನು ಮಾಡಿ ತೋರಿಸಲಿ. ಅದಕ್ಕೆ ಬೇಕಾಗುವ ಖರ್ಚು ಒಂದು ಉದ್ದನೆಯ ಹಗ್ಗ ಮತ್ತು ಕೆಲವು ಹಾಳೆ ಕಾಗದದ್ದು.